ಮೂರನೆಯ ಸಿಂಫನಿ ಇನ್ನೂ ಬಂದಿಲ್ಲ

ಫೆಬ್ರವರಿ ೯

ಧ್ವನಿಮುದ್ರಣ ಸಂಸ್ಥೆಯ ಸಂಪಾದನಾ ವಿಭಾಗಕ್ಕೆ,

ಮಾನ್ಯರೇ,

ರೊಮ್ಯಾಂಟಿಕ್ ಯುಗದಲ್ಲಿ ನಾಲ್ಕು ಸಿಂಫನಿ ಬರೆದು, ನಾಲ್ಕನ್ನೂ ಲೋಕ ಮರೆತದ್ದನ್ನು ಕಣ್ಣಾರೆ ಕಂಡು ತೀರಿಕೊಂಡ ಆ ಸ್ವರಕಾರರ ಕೃತಿಗಳನ್ನೆಲ್ಲ ರೆಕಾರ್ಡ್ ಮಾಡುತ್ತೇವೆಂದು ಮೂರು ವರ್ಷದ ಕೆಳಗೆ ಪ್ರಕಟಿಸಿದಿರಿ. ಒಂದನೆಯದು ಬಂತು. ಎರಡನೆಯದು ಬಂತು. ಆಮೇಲೆ ಎಣಿಸಲು ಬರುವ ಯಾರೂ ಮಾಡದ ಕೆಲಸ ಮಾಡಿ, ನಾಲ್ಕನೆಯದನ್ನು ತಂದಿರಿ. ಮೂರನೆಯದು ಎಲ್ಲಿ ಸ್ವಾಮಿ?

ಇದಕ್ಕೆ ಮೊದಲು ನಿಮ್ಮ ಕಚೇರಿಗೆ ಐದು ಸಲ ಬರೆದಿದ್ದೇನೆ. ಐದು ಸಲವೂ ಒಂದೇ ಅಚ್ಚಿನ ಕಾರ್ಡು: "ನಿಮ್ಮ ಆಸಕ್ತಿಗೆ ಧನ್ಯವಾದ. ಸೂಕ್ತ ಸಮಯದಲ್ಲಿ ತಿಳಿಸಲಾಗುವುದು." ಸೂಕ್ತ ಸಮಯ ಎನ್ನುವುದು ನಿಮ್ಮ ಕ್ಯಾಲೆಂಡರಿನಲ್ಲಿ ಯಾವ ತಿಂಗಳಿಗೆ ಬರುತ್ತದೆಯೋ ನಾನರಿಯೆ. ನನ್ನ ಕ್ಯಾಲೆಂಡರಿನಲ್ಲಿ ಅಷ್ಟೊಂದು ಹಾಳೆಗಳಿಲ್ಲ.

ಬಂದ ಮೂರರಲ್ಲೂ ನಿಮ್ಮ ಕೆಲಸ ಚೆನ್ನಾಗಿದೆ ಎಂದು ಹೇಳಲೇಬೇಕು. ಬೇರೆ ಬೇರೆ ಸಲ ನುಡಿಸಿದ ತುಂಡುಗಳನ್ನು ಎಲ್ಲಿ ಜೋಡಿಸಿದ್ದೀರೆಂದು ಹುಡುಕಿ ಹುಡುಕಿ ಸಾಕಾಯಿತು, ಒಂದು ಗಂಟೂ ಸಿಗಲಿಲ್ಲ. ಅಂಥ ಕಿವಿ ಎಲ್ಲರಿಗೂ ಇರುವುದಿಲ್ಲ. ತಾಯಿಯ ಕಡೆಯಿಂದ ಬಂದಿರಬೇಕು.

ಥೂ, ಈ ನಾಟಕ ನನ್ನಿಂದಾಗದು. ಸಿ.ಡಿ.ಯ ಬೆನ್ನ ಮೇಲೆ ನಿನ್ನ ಹೆಸರನ್ನು ಮೊದಲ ಸಲ ನೋಡಿದಾಗಲೇ ಬರೆಯಬೇಕಿತ್ತು. ನಾವು ಮಾತು ಬಿಟ್ಟು ಎಂಟು ವರ್ಷವಾಯಿತು. ನನ್ನ ಮೇಲಿನ ಸಿಟ್ಟು ಹಾಗೇ ಇರಲಿ, ಮೂರನೆಯದು ಯಾವಾಗ ಅಂತಷ್ಟು ತಿಳಿಸು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದೇನೆ.

ಇತಿ ನಿಮ್ಮ ಸಂಸ್ಥೆಯ ಶ್ರೋತೃ,
ಅಂದರೆ ಅಪ್ಪ

*

ಮಾರ್ಚ್ ೨

ಅಪ್ಪನಿಗೆ ನಮಸ್ಕಾರ.

ಲಕೋಟೆ ನೋಡಿದ ಕೂಡಲೇ ಗೊತ್ತಾಯಿತು. ನಲವತ್ತು ವರ್ಷ ವಾದ್ಯವೃಂದದ ನಕಲುಗಾರರಾಗಿ ಸ್ವರಲಿಪಿ ಬರೆದ ಕೈ ಎಲ್ಲಿ ಅಡಗುತ್ತದೆ? "ಮಾನ್ಯರೇ" ಅನ್ನುವುದನ್ನೂ ಐದು ಗೆರೆಗಳ ಮೇಲೆ ಕೂರಿಸಿದ ಹಾಗೆ ಬರೆದಿದ್ದೀರಿ.

ಮೂರನೆಯದನ್ನು ನಾವು ಇನ್ನೂ ರೆಕಾರ್ಡ್ ಮಾಡಿಯೇ ಇಲ್ಲ. ಅದು ಯಾವತ್ತೂ ಅಚ್ಚಾಗಿಲ್ಲ. ವಾದಕರು ನೋಡಿ ನುಡಿಸಬಹುದಾದ ಪ್ರತಿಗಳು ಎಲ್ಲ ಸೇರಿ ಒಂದೇ ಸೆಟ್ಟು, ನೀವು ಕೈಯಲ್ಲಿ ಬರೆದದ್ದು. ಅದು ನಿಮ್ಮ ಹಳೆಯ ವಾದ್ಯವೃಂದದ ಕಪಾಟಿನಲ್ಲಿದೆ. ಕೊಡುತ್ತೇವೆ ಅನ್ನುತ್ತಾರೆ, ಕೊಡುವುದಿಲ್ಲ. ಕೊಟ್ಟರೆ ಜೂನ್ ತಿಂಗಳಲ್ಲಿ ರೆಕಾರ್ಡಿಂಗ್.

ಆ ಸಿಂಫನಿ ನಿಮಗೆ ಎಷ್ಟು ಬೇಕು ಅಂತ ನನಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ಅಮ್ಮ ಹೋದ ಮರುವಾರ, ಅವಳು ವಾದ್ಯವೃಂದದಲ್ಲಿ ಊದುತ್ತಿದ್ದ ಓಬೋವನ್ನು ಅವಳೇ ಹೇಳಿದ್ದ ಶಿಷ್ಯೆಗೆ ನಾನು ಕೊಟ್ಟುಬಂದೆ. ಅದಕ್ಕೆ ನೀವು ರೇಗಿ ಅಂದದ್ದು ಅಕ್ಷರಶಃ ನೆನಪಿದೆ: "ಅವತ್ತು ಎರಡು ದಿನ ತಡೆದು ಹುಟ್ಟೋಕೆ ಏನಾಗಿತ್ತು ನಿನಗೆ? ನಾನು ಆ ಸಿಂಫನಿ ಕೇಳಿರ್ತಿದ್ದೆ."

ನಾನು ಬಾಗಿಲು ಹಾಕಿಕೊಂಡು ಹೊರಟದ್ದು ಆ ಮಾತಿಗೆ. ಓಬೋಗಲ್ಲ.

ಇಂತಿ,
ನಿಮ್ಮ ಮಗಳು

*

ಮಾರ್ಚ್ ೭

ಮಗಳೇ,

ನೀನು ನನಗೆ "ನೀವು" ಅಂದದ್ದು ಇದೇ ಮೊದಲು. ಪಕ್ಕದಲ್ಲಿ ಯಾರೋ ದೊಡ್ಡ ಮನುಷ್ಯರು ಕೂತಿದ್ದಾರೇನೋ ಅಂತ ತಿರುಗಿ ನೋಡುವಂತಾಯಿತು.

ನಾನಾಡಿದ ಮಾತು ನನಗೂ ನೆನಪಿದೆ. ಅದರ ಬಗ್ಗೆ ಬರೆಯೋಣವೆಂದು ನಾಲ್ಕು ಹಾಳೆ ಹಾಳುಮಾಡಿದೆ. ಪೆನ್ನು ಮುಂದೆ ಹೋಗಲೊಲ್ಲದು. ಅದಕ್ಕೇ ಇನ್ನೊಂದು ವಿಷಯ ಬರೆಯುತ್ತೇನೆ, ಅದಾದರೆ ಸುಲಭ. ನನ್ನ ಕಿವಿ ಹೋಗುತ್ತಿದೆ.

ಮೇಲಿನ ಮನೆಯಲ್ಲಿ ಒಬ್ಬ ಟೈಲರಮ್ಮ ಇದ್ದಾರೆ. ಅವರ ಹೊಲಿಗೆ ಮೆಷಿನ್ನಿನ ಸದ್ದಿಗೆ ವಾರಕ್ಕೊಮ್ಮೆಯಾದರೂ ಮೆಟ್ಟಿಲು ಹತ್ತಿಹೋಗಿ ಜಗಳವಾಡುವುದು ನನ್ನ ರೂಢಿ. ಹೋದ ವರ್ಷ ಒಂದು ದಿನ ಅವರೇ ಇಳಿದು ಬಂದರು. "ಏನ್ ಸಾರ್, ಎರಡು ತಿಂಗಳಾಯ್ತು, ಬೈಯೋಕೆ ಬಂದೇ ಇಲ್ಲ! ಹುಷಾರಾಗಿದ್ದೀರಾ?" ಅಂದರು. "ನೀವು ಹೊಲಿಯೋದು ಬಿಟ್ಟಿರಿ ಅಂದುಕೊಂಡಿದ್ದೆ" ಅಂದೆ. ಅವರು ಮೇಲಕ್ಕೆ ಬೆರಳು ತೋರಿಸಿದರು. ಮೇಲೆ ಅವರ ಮಗಳು ಮೆಷಿನ್ನಿನಲ್ಲಿ ಹೊಲಿಯುತ್ತಿದ್ದಳಂತೆ, ಆ ಹೊತ್ತಿನಲ್ಲೂ.

ಕಿವಿಯ ಡಾಕ್ಟರು ಗೆರೆ ಎಳೆದು ತೋರಿಸಿದರು. ಮೊದಲು ಮೇಲಿನ ಸ್ವರಗಳು ಹೋಗುತ್ತವೆ, ಆಮೇಲೆ ನಡುವಿನವು, ಕೊನೆಗೆ ಕೆಳಗಿನವು. ಕಿವಿಗೆ ಯಂತ್ರ ಹಾಕಿದರೆ ಮಾತು ಅಷ್ಟೋ ಇಷ್ಟೋ ಸಿಗಬಹುದು, ಸಂಗೀತದ ಆಸೆ ಬಿಡಿ ಅಂದರು. ಒಂದು ವರ್ಷ, ಹೆಚ್ಚೆಂದರೆ. ಅದರಲ್ಲಿ ಐದು ತಿಂಗಳು ಈಗಾಗಲೇ ನಿಮ್ಮ ಕಚೇರಿಯ ಕಾರ್ಡುಗಳಿಗೆ ಹೋಯಿತು.

ಕೇಳು, ಆ ಸಿಂಫನಿಯನ್ನು ನಾನು ಒಂದು ಚೂರೂ ಕೇಳಿಲ್ಲ ಅಂತಲ್ಲ. ಮೂವತ್ತೊಂದು ವರ್ಷದ ಹಿಂದೆ, ಒಂದೊಂದು ವಾದ್ಯದ ಪಾಲನ್ನೂ ಬೇರೆ ಬೇರೆ ಮಾಡಿ, ಮೂವತ್ತನಾಲ್ಕು ಪ್ರತಿ ಬರೆದೆ. ನಕಲುಗಾರನ ಕೋಣೆ ವೇದಿಕೆಯ ಕೆಳಗೆ. ಮೇಲೆ ತಾಲೀಮು ನಡೆಯುವಾಗ ನಾನು ಕೆಳಗೇ ಇರಬೇಕು, ಯಾರಾದರೂ ಹಾಳೆ ಹರಿದುಕೊಂಡು ಓಡಿಬರುತ್ತಾರೆ. ಅಲ್ಲಿಗೆ ಕೇಳುತ್ತಿದ್ದದ್ದು ದೊಡ್ಡ ಬಾಸ್ ಪಿಟೀಲುಗಳ ಗುಡುಗು ಮಾತ್ರ. ಮನೆಗೆ ಬಂದರೆ ನಿಮ್ಮಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ನಿನ್ನನ್ನು ಹೊಟ್ಟೆಯಲ್ಲಿಟ್ಟುಕೊಂಡು, ಎರಡನೆಯ ಭಾಗದಲ್ಲಿ ಓಬೋ ಒಂಟಿಯಾಗಿ ನುಡಿಸುವ ಸೊಲೊ ಅಭ್ಯಾಸ ಮಾಡುತ್ತಿದ್ದಳು. ಹಾಗಾಗಿ ಅದರ ತಳ ಗೊತ್ತು, ತುದಿ ಗೊತ್ತು. ನಡುವಿನದೆಲ್ಲ ಬರೆದಿದ್ದೇನೆ, ಕೇಳಿಲ್ಲ. ಕಾಗದದಲ್ಲಿ ಓದುವುದೆಂದರೆ ಹೋಟೆಲಿನ ತಿಂಡಿ ಪಟ್ಟಿ ಓದಿದ ಹಾಗೆ. ಹಸಿವು ಜಾಸ್ತಿಯಾಗುತ್ತದೆ, ಅಷ್ಟೇ.

ಕಾರ್ಯಕ್ರಮದ ದಿನ ಮೇಲೆ ಕೂತು ಪೂರ್ತಿ ಕೇಳೋಣ ಅಂದುಕೊಂಡಿದ್ದೆ. ಎರಡು ದಿನ ಮೊದಲು ನೀನು ಬಂದೆ. ಆ ಸೊಲೊ ನುಡಿಸುವವರು ಬೇರೆ ಯಾರೂ ಇರಲಿಲ್ಲ. ಎಲ್ಲರಿಗೂ ಗೊತ್ತಿದ್ದ ಇನ್ನೊಂದನ್ನು ನುಡಿಸಿ ಕೈತೊಳೆದುಕೊಂಡರು. ಪ್ರತಿಗಳು ಕಪಾಟಿಗೆ ಹೋದವು.

ಬೇಗ ಮಾಡಿಸು.

ಅಪ್ಪ

*

ಮೇ ೧೧

ಅಪ್ಪನಿಗೆ,

ನಿಮ್ಮ ಪತ್ರ ಓದಿ ಎರಡು ದಿನ ನನ್ನ ಕೈಯಲ್ಲಿ ಕೆಲಸವಾಗಲಿಲ್ಲ. ಆಮೇಲೆ ನಾನೇ ರೈಲು ಹತ್ತಿ ನಿಮ್ಮ ಹಳೆಯ ವಾದ್ಯವೃಂದಕ್ಕೆ ಹೋಗಿ, ಕಾಡಿ ಬೇಡಿ, ಪ್ರತಿಗಳ ಪೆಟ್ಟಿಗೆಯನ್ನು ತಂದೆ. ನಿಮ್ಮ ಊರಿನವರೆಗೂ ಬಂದು ನಿಮ್ಮನ್ನು ನೋಡದೆ ಹೋದೆ. ನಿಮ್ಮ ಬೀದಿಯ ತಿರುವಿನ ತನಕ ಬಂದಿದ್ದೆ. ಕಾಲು ಮುಂದೆ ಬರಲಿಲ್ಲ. ಇದನ್ನು ಮುಚ್ಚಿಡಲು ಇಷ್ಟವಿಲ್ಲ, ಅದಕ್ಕೇ ಬರೆದೆ.

ಪೆಟ್ಟಿಗೆಯಲ್ಲಿ ಮೊದಲು ತೆಗೆದದ್ದು ಮೊದಲ ಓಬೋ ಪ್ರತಿ. ಅಂಚಿನಲ್ಲೆಲ್ಲ ಅಮ್ಮನ ಪೆನ್ಸಿಲ್ ಗುರುತು. "ಮೆಲ್ಲಗೆ", "ಪಿಟೀಲಿನವರನ್ನು ನೋಡು". ಎರಡನೆಯ ಭಾಗದಲ್ಲಿ ಒಂದು ಕಡೆ, "ಇಲ್ಲಿ ಮರಿ ಒದೀತು." ಕೆಳಗೆ ಇನ್ನೊಂದು ತಾರೀಖು ಹಾಕಿ, "ಇವತ್ತೂ ಇಲ್ಲೇ."

ನನ್ನ ವಿಷಯ ಎಲ್ಲಾದರೂ ಬರೆದಿಟ್ಟದ್ದನ್ನು ನಾನು ಓದಿದ್ದು ಇದೇ ಮೊದಲು. ಕೂತು ಅತ್ತೆ.

ರೆಕಾರ್ಡಿಂಗ್ ಜೂನ್ ೧೭ರಿಂದ ಮೂರು ದಿನ. ಕಿವಿಯ ಯಂತ್ರವನ್ನು ದಯವಿಟ್ಟು ಹಾಕಿಸಿಕೊಳ್ಳಿ. ಜಂಬ ಬೇಡ.

ಇಂತಿ,
ನಿಮ್ಮ ಮಗಳು

*

ಮೇ ೨೯

ಮರಿ,

ಯಂತ್ರ ಹಾಕಿಸಿಕೊಂಡೆ. ಹೊರಗಿನ ಪ್ರಪಂಚವೆಲ್ಲ ಡಬ್ಬಿಯೊಳಗೆ ಕೂತು ಮಾತಾಡುತ್ತಿದೆ. ಟೈಲರಮ್ಮನ ಜೊತೆ ಜಗಳ ಮತ್ತೆ ಶುರುವಾಗಿದೆ, ಅವರಿಗೆ ಬಹಳ ಸಂತೋಷ.

ವಾದಕರಿಗೆ ಹೇಳು, ನನ್ನ ಪ್ರತಿಗಳಲ್ಲಿ ಹಾಳೆ ತಿರುಗಿಸುವ ಜಾಗದಲ್ಲೆಲ್ಲ ಕೈಗೆ ಬಿಡುವು ಸಿಗುವಂತೆ ಬರೆದಿದ್ದೇನೆ. ನಕಲುಗಾರನ ಮರ್ಯಾದೆ ಇರುವುದೇ ಅಲ್ಲಿ. ಹಾಳೆಯ ಕೊನೆಗೆ ಬಂದವನು ಪರದಾಡಬಾರದು.

ಮುಂದೆ ನಿಂತು ಕೋಲು ಆಡಿಸುವ ನಿಮ್ಮ ಕಂಡಕ್ಟರ್ ಎಂಥವರು? ಸಿಡುಕರಾ?

ಬೀದಿಯ ತಿರುವಿನ ತನಕ ಬಂದಿದ್ದೆ ಅಂದೆಯಲ್ಲ. ಆ ತಿರುವು ನನ್ನ ಕಿಟಕಿಗೆ ಕಾಣುತ್ತದೆ. ಅವತ್ತು ನಾನು ಕಿಟಕಿಯಲ್ಲಿ ನಿಂತಿರಲಿಲ್ಲವಲ್ಲ ಅಂತ ಹೊಟ್ಟೆ ಉರಿಯುತ್ತಿದೆ.

ಅಪ್ಪ

*

ಜೂನ್ ೨೪

ಅಪ್ಪನಿಗೆ,

ರೆಕಾರ್ಡಿಂಗ್ ಮುಗಿಯಿತು. ಸಿಂಫನಿ ಹೇಗಿದೆ ಅಂತ ನಾನು ಹೇಳುವುದಿಲ್ಲ, ನೀವೇ ಕೇಳಬೇಕು. ಆದರೆ ಮೊದಲ ದಿನ ನಡೆದದ್ದನ್ನು ಹೇಳಲೇಬೇಕು.

ಎರಡನೆಯ ಭಾಗ ಶುರುವಾಯಿತು. ಓಬೋ ನುಡಿಸಿದವರು ವಯಸ್ಸಾದ ಹೆಂಗಸು, ಬಹಳ ಅನುಭವಸ್ಥರು. ಸೊಲೊ ನಡುವಿಗೆ ಬಂದ ಕೂಡಲೇ ಎಲ್ಲವೂ ಕಲಸಿಹೋಯಿತು. ಮತ್ತೆ ಮೊದಲಿಂದ. ಮತ್ತೆ ಅದೇ ಜಾಗದಲ್ಲಿ ಅದೇ ರಂಪ. ಹೌದು, ನಮ್ಮ ಕಂಡಕ್ಟರ್ ಸಿಡುಕರೇ. "ಏನ್ರೀ ಇದು, ಇಷ್ಟು ಜನಕ್ಕೂ ಒಟ್ಟಿಗೆ ನಿದ್ದೆ ಬರುತ್ತಾ?" ಅಂತ ಕೂಗಾಡಿದರು. ಕೊನೆಗೆ ಎಣಿಸಿ ನೋಡಿದಾಗ ಗೊತ್ತಾಯಿತು. ಕಂಡಕ್ಟರ್ ಮುಂದಿದ್ದದ್ದು ಸ್ವರಕಾರರ ಮೂಲ ಕೈಬರಹದ ಜೆರಾಕ್ಸ್. ಅದರಲ್ಲಿ ಇಲ್ಲದ ಒಂದು ಖಾನೆ ವಾದಕರೆಲ್ಲರ ಪ್ರತಿಯಲ್ಲೂ ಇದೆ. ತೊಂಬತ್ತೊಂದನೆಯದು. ಎರಡು ನಿಲುಗೆರೆಗಳ ನಡುವೆ ಯಾರಿಗೂ ಒಂದೂ ಸ್ವರವಿಲ್ಲ, ಎಲ್ಲರಿಗೂ ಮೌನ.

ಅವತ್ತು ಹೊತ್ತು ಕಳೆಯುತ್ತಿತ್ತು, ಕಂಡಕ್ಟರ್ "ಹಾಳಾಗಲಿ, ಒಂದು ಖಾನೆ ಸುಮ್ಮನೆ ಕೋಲು ಆಡಿಸ್ತೀನಿ, ನುಡಿಸಿ" ಅಂದರು. ಇಡೀ ಭಾಗವನ್ನು ಹಾಗೆಯೇ ನುಡಿಸಿದರು. ಮಾರನೆಯ ದಿನ ಎಲ್ಲರೂ ಪೆನ್ಸಿಲಿನಲ್ಲಿ ಆ ಖಾನೆ ಹೊಡೆದುಹಾಕಿ ಮತ್ತೆ ನುಡಿಸಿದರು, ಮೂಲದಲ್ಲಿರುವಂತೆ. ಓಬೋ ನುಡಿಸಿದ ಹೆಂಗಸು ಮಾತ್ರ ಗೊಣಗಿದರು: "ನಿನ್ನೆಯದೇ ಚೆನ್ನಾಗಿತ್ತು ಕಣ್ರೀ. ಆ ನಕಲುಗಾರ ಯಾರೋ, ಓಬೋ ಊದೋರ ಕಷ್ಟ ಗೊತ್ತಿದ್ದೋನು."

ನಾನು ಗಾಜಿನ ಹಿಂದೆ ಕೂತು ಆ ಖಾನೆಯ ಸಂಖ್ಯೆ ಬರೆದುಕೊಂಡೆ. ಅಪ್ಪಾ, ಏನಿದು ಖಾನೆ?

ಇಂತಿ,
ಮಗಳು

*

ಜುಲೈ ೧

ಮರಿ,

ಆ ಕೋಣೆಯಲ್ಲಿ ದೀಪ ಸರಿ ಇರಲಿಲ್ಲ. ಕಣ್ತಪ್ಪಿ ಆಗಿರಬೇಕು. ಹೊಡೆದುಹಾಕಿದ್ದು ಒಳ್ಳೆಯದಾಯಿತು. ಸಿ.ಡಿ. ಯಾವಾಗ?

ಅಪ್ಪ

*

ಜುಲೈ ೬

ಅಪ್ಪಾ,

ಮೂವತ್ತನಾಲ್ಕು ಪ್ರತಿಯಲ್ಲೂ ಅದೇ ಜಾಗದಲ್ಲೇ ಕಣ್ತಪ್ಪಿತೇ? ನನ್ನ ಕಿವಿಗೆ ಹೂವಿಡಬೇಡಿ.

ಮಗಳು

*

ಜುಲೈ ೨೦

ಮರಿ,

ಹೇಳುತ್ತೇನೆ. ನಲವತ್ತು ವರ್ಷದಲ್ಲಿ ನಾನು ಮಾಡಿದ ಒಂದೇ ಕಳ್ಳತನ. ಕದ್ದದ್ದೂ ಅಲ್ಲ, ಇನ್ನೊಬ್ಬರ ಮನೆಯೊಳಗೆ ಹೋಗಿ ಏನನ್ನೋ ಇಟ್ಟುಬಂದದ್ದು. ನಕಲುಗಾರ ಒಂದು ಚುಕ್ಕೆಯನ್ನೂ ಸೇರಿಸಬಾರದು, ಬಿಡಬಾರದು. ಅವನು ಇದ್ದಾನೆಂದೇ ಯಾರಿಗೂ ಗೊತ್ತಾಗಬಾರದು.

ಓಬೋ ಊದುವವರ ಕಷ್ಟ ಬೇರೆಯವರಿಗೆ ತಿಳಿಯದು. ಅದು ಉಸಿರು ಸಾಲದೆ ಬರುವ ಕಷ್ಟವಲ್ಲ. ಸಣ್ಣ ತೂತಿನಲ್ಲಿ ಹೋಗುವ ಗಾಳಿ ಅಷ್ಟೇ ಅಷ್ಟು, ಉಳಿದ ಗಾಳಿ ಎದೆಯಲ್ಲೇ ಕೂತು ಹಳಸುತ್ತದೆ. ಅದನ್ನು ಮೊದಲು ಹೊರಗೆ ಬಿಡಬೇಕು, ಆಮೇಲೆ ಹೊಸದು ಎಳೆದುಕೊಳ್ಳಬೇಕು. ಎರಡು ಕೆಲಸ. ಆ ಸೊಲೊದಲ್ಲಿ ಒಂದಕ್ಕೂ ಜಾಗವಿಲ್ಲ. ಆರಾಮಾಗಿರುವವರು ಹೇಗೋ ಹಲ್ಲು ಕಚ್ಚಿ ಮುಗಿಸಬಹುದು. ನಿಮ್ಮಮ್ಮನಿಗೆ ಆಗ ಏಳನೆಯ ತಿಂಗಳು. ನೀನು ಎದೆಗೂಡಿನವರೆಗೂ ಬಂದು ಕಾಲು ಚಾಚಿಕೊಂಡಿದ್ದೆ. ದಿನಾ ಆ ಜಾಗಕ್ಕೆ ಬಂದು ಓಬೋ ಕೆಳಗಿಟ್ಟು, ಗೋಡೆಗೆ ಒರಗಿ ಏದುಸಿರು ಬಿಡುತ್ತಿದ್ದಳು. ನನ್ನ ಕಡೆ ನೋಡಿ ನಗುತ್ತಿದ್ದಳು. ಬಿಟ್ಟುಬಿಡು ಅಂದರೆ ಸುತರಾಂ ಒಪ್ಪಳು.

ಒಂದು ಸೋಮವಾರ ಕೋಣೆಗೆ ಹೋಗಿ ಎಲ್ಲ ಪ್ರತಿಗಳ ಆ ಹಾಳೆಯನ್ನು ತೆಗೆದು, ಹೊಸದಾಗಿ ಬರೆದೆ. ಒಂದು ಖಾಲಿ ಖಾನೆ ಸೇರಿಸಿ. ಅವತ್ತಿನ ಕಂಡಕ್ಟರ್ ನೋಡುತ್ತಿದ್ದದ್ದೂ ನನ್ನ ನಕಲೇ, ಅದರಲ್ಲೂ ಸೇರಿಸಿದೆ. ಆ ನಕಲು ಆಮೇಲೆ ಎಲ್ಲಿ ಹೋಯಿತೋ. ಯಾರಿಗೂ ಅನುಮಾನ ಬರಲಿಲ್ಲ.

ಮುಂದಿನ ತಾಲೀಮಿನ ಬಿಡುವಿನಲ್ಲಿ ಅವಳು ಹೊಟ್ಟೆ ಹಿಡಿದುಕೊಂಡು ಮೆಟ್ಟಿಲಿಳಿದು ನನ್ನ ಕೋಣೆಗೆ ಬಂದಳು. "ರೀ, ಇಲ್ಲೊಂದು ಖಾಲಿ ಖಾನೆ ಇದೆ. ಅವರೇ ಬರೆದದ್ದಾ?" ಅಂದಳು. "ಹೂಂ, ನಾನು ಮೊದಲು ನೋಡಿರಲಿಲ್ಲ" ಅಂದೆ. ಆ ಖಾನೆಯ ಮೇಲೆ ಬೆರಳಾಡಿಸಿದಳು. "ಒಳ್ಳೆ ಮನುಷ್ಯ ಕಣ್ರೀ ನಿಮ್ಮ ಸ್ವರಕಾರ. ಹೆಂಡತಿನ ಚೆನ್ನಾಗಿ ನೋಡಿಕೊಂಡಿರಬೇಕು" ಅಂದು ಮತ್ತೆ ಮೆಟ್ಟಿಲು ಹತ್ತಿದಳು. ಆ ವಿಷಯ ನಾವಿಬ್ಬರೂ ಮತ್ತೆ ಎತ್ತಲಿಲ್ಲ.

ಸ್ವರಕಾರರ ಹಸ್ತಾಕ್ಷರವೇ ದೊಡ್ಡದು. ಸಿ.ಡಿ.ಯಲ್ಲಿ ಅದು ಇರಕೂಡದು. ಯಾರಿಗೂ ಹೇಳಬೇಡ.

ಅಪ್ಪ

*

ಅಕ್ಟೋಬರ್ ೧೪

ಅಪ್ಪಾ,

ಇಷ್ಟು ದಿನ ಬರೆಯದೇ ಇದ್ದದ್ದು ಕೆಲಸ ಹೆಚ್ಚಾಗಿ ಅಲ್ಲ. ಏನು ಬರೆಯುವುದು ಅಂತ ಗೊತ್ತಾಗಲಿಲ್ಲ.

ಸಂಸ್ಥೆಯವರು ಮೂರನೆಯದನ್ನು ಮಾರ್ಚ್‌ಗೆ ಮುಂದೂಡಿದ್ದಾರೆ. ಸತ್ತುಹೋದ ಅಪರಿಚಿತರ ಸಿಂಫನಿಯನ್ನು ಯಾರು ಕೇಳುತ್ತಾರೆ, ಹೆಸರಿದ್ದವರದ್ದು ಮೊದಲು ಬರಲಿ ಅನ್ನುತ್ತಾರೆ. ನಾನು ಮೀಟಿಂಗಿನಲ್ಲಿ ಎದ್ದುನಿಂತು, "ಕೇಳೋರು ಕಾಯ್ತಾ ಇದ್ದಾರೆ" ಅಂದೆ. ಎಷ್ಟು ಜನ ಅಂದರು. ಏನು ಹೇಳಲಿ?

ಕಿವಿ ಹೇಗಿದೆ? ನಿಜ ಹೇಳಿ.

ಮಗಳು

*

ನವೆಂಬರ್ ೨೨

ಮರಿ,

ನಿಜ ಹೇಳು ಅಂದೆ, ಹೇಳುತ್ತೇನೆ. ಹೆಂಗಸರ ಮಾತು ಹೋಯಿತು. ಟೈಲರಮ್ಮನ ತುಟಿ ನೋಡಿ ಊಹಿಸುತ್ತೇನೆ, ಅರ್ಧ ತಪ್ಪಾಗುತ್ತದೆ. ನಿಮ್ಮ ಎರಡನೆಯ ಸಿಂಫನಿಯ ಸಿ.ಡಿ. ಹಾಕಿದರೆ ಮೇಲೆ ಏನೂ ಇಲ್ಲ. ಸೂರೇ ಇಲ್ಲದ ಮನೆಯ ಹಾಗೆ.

ಮಾರ್ಚ್ ನನಗೆ ದೂರವಾಯಿತು. ನಿನ್ನನ್ನು ದೂರುತ್ತಿಲ್ಲ. ನೀನು ಎದ್ದುನಿಂತು ಹೇಳಿದೆಯಲ್ಲ, ಅದನ್ನು ನಾಲ್ಕು ಸಲ ಓದಿದೆ. ಎಷ್ಟು ಜನ ಅಂತ ಮತ್ತೆ ಕೇಳಿದರೆ ಒಬ್ಬ ಅನ್ನು. ನಾಚಿಕೆ ಬೇಡ.

ಆದರೂ ಆಸೆ ಬಿಡುವುದಿಲ್ಲ ನೋಡು. ಬೆಳಿಗ್ಗೆ ಅಂಚೆಯವರು ಬರುವ ಹೊತ್ತಿಗೆ ಗೇಟಿನ ಹತ್ತಿರ ಹೋಗಿ ನಿಲ್ಲುತ್ತೇನೆ. ಅವರು ದೂರದಿಂದಲೇ ಕೈ ಅಲ್ಲಾಡಿಸಿ ಇಲ್ಲ ಅನ್ನುತ್ತಾರೆ. ನನಗಾಗಿ ಕೂಗುವುದನ್ನು ಬಿಟ್ಟಿದ್ದಾರೆ.

ಅಪ್ಪ

*

ಡಿಸೆಂಬರ್ ೧೩

ಅಪ್ಪಾ,

ಇದರ ಜೊತೆ ಒಂದು ಸಿ.ಡಿ. ಇದೆ. ಅಂಗಡಿಗೆ ಬರುವುದು ಮಾರ್ಚ್‌ನಲ್ಲೇ, ಅದರಲ್ಲಿ ನೀನು ಹೇಳಿದಂತೆ ಆ ಖಾನೆ ಇಲ್ಲ. ಇದರಲ್ಲಿ ಎರಡನೆಯ ಭಾಗ ಮಾತ್ರ ಬೇರೆ. ಮೊದಲ ದಿನ ಮಧ್ಯಾಹ್ನ ನುಡಿಸಿದ್ದು, ನಿನ್ನ ಪ್ರತಿಯಲ್ಲಿದ್ದ ಹಾಗೆ. ಇದೊಂದೇ ಇರುವುದು. ವಾದಕರ ಉಸಿರಿನ ಸದ್ದನ್ನು ಒರೆಸುವುದೇ ನನ್ನ ಕೆಲಸದಲ್ಲಿ ಅರ್ಧ. ಇದರಲ್ಲಿ ಒರೆಸಿಲ್ಲ.

ತಡವಾಯಿತೇನೋ ಎಂದು ಭಯವಾಗುತ್ತಿದೆ. ಇನ್ನೊಂದು ಮಾತು. ಇದನ್ನು ಎಂದೋ ಕೇಳಬೇಕಿತ್ತು, ಧೈರ್ಯವಾಗಲಿಲ್ಲ. ನಾನು ಹುಟ್ಟಿದ ದಿನ ನಿನಗೆ ಬೇಜಾರಾಗಿತ್ತಾ?

ನಿನ್ನ
ಮರಿ

*

ಡಿಸೆಂಬರ್ ೧೯

ಮರಿ,

ನಿನ್ನೆ ಮಧ್ಯಾಹ್ನ ಕೇಳಿದೆ. ಕೇಳಿದೆ ಅನ್ನುವುದು ದೊಡ್ಡ ಮಾತು, ಆದರೆ ನಾನು ಅದನ್ನೇ ಬರೆಯುತ್ತೇನೆ.

ಸದ್ದನ್ನು ಎಷ್ಟಕ್ಕಿಟ್ಟಿದ್ದೆನೋ, ಟೈಲರಮ್ಮ ದಡದಡ ಇಳಿದು ಬಂದರು. ಈ ಸಲ ಬೈಯುವ ಸರದಿ ಅವರದು. ಬಂದವರನ್ನು ಕೂರಿಸಿದೆ. "ಅಮ್ಮಾ, ಒಂದು ಉಪಕಾರ ಮಾಡಿ. ಒಂಟಿ ವಾದ್ಯ ಶುರುವಾಗುತ್ತೆ, ಸಣ್ಣ ದನಿ. ಅದು ಕೇಳೋವರೆಗೂ ಕೈ ಎತ್ತಿರಿ, ನಿಂತರೆ ಇಳಿಸಿ" ಅಂದೆ. ಅವತ್ತು ನನಗೆಂದೇ ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡಿದ್ದ ಹಳೆಯ ಕರಡನ್ನು ತೊಡೆಯ ಮೇಲೆ ಇಟ್ಟುಕೊಂಡು ಬೆರಳಿಟ್ಟು ಎಣಿಸುತ್ತಾ ಕೂತೆ. ಬಾಸ್ ಪಿಟೀಲುಗಳು ಸ್ಪೀಕರ್ ಪೆಟ್ಟಿಗೆಯ ಮೇಲಿಟ್ಟ ಅಂಗೈಗೆ ಸಿಗುತ್ತಿದ್ದವು. ಬೇರೆ ಏನೂ ಸಿಗಲಿಲ್ಲ. ಪಿಟೀಲು ಇಲ್ಲ, ಕೊಳಲು ಇಲ್ಲ, ಓಬೋ ಇಲ್ಲ. ದುಃಖವಾಯಿತು, ಸುಳ್ಳು ಹೇಳುವುದಿಲ್ಲ. ಮೂವತ್ತೊಂದು ವರ್ಷ ಕಾದದ್ದಕ್ಕೆ ಇಷ್ಟೇನಾ ಅನ್ನಿಸಿತು.

ಟೈಲರಮ್ಮನ ಕೈ ಮೇಲೆ ಹೋಯಿತು. ಬೆರಳಲ್ಲಿ ಸೂಜಿ ಹಾಗೇ ಇತ್ತು. ಎಂಬತ್ತೊಂಬತ್ತು, ತೊಂಬತ್ತು. ಕೈ ಇಳಿಯಿತು. ಅಂಗೈಯ ಕೆಳಗೆ ಬಾಸುಗಳೂ ನಿಂತವು. ಎಲ್ಲರೂ ನಿಂತರು. ಆ ಒಂದು ಖಾನೆಯನ್ನು ಲೋಕದಲ್ಲಿ ಯಾರು ಕೇಳಿದರೂ ನನಗಿಂತ ಹೆಚ್ಚಾಗಿ ಕೇಳಲಾರರು ಮರಿ. ಅಲ್ಲಿ ನನಗೂ ಒಳ್ಳೆಯ ಕಿವಿಯವರಿಗೂ ಏನೂ ವ್ಯತ್ಯಾಸವಿಲ್ಲ. ಆಮೇಲೆ ಕೈ ಮತ್ತೆ ಎ​ದ್ದಿತು.

ಮುಗಿದ ಮೇಲೆ ಟೈಲರಮ್ಮ ಕಾಗದದ ಚೂರಿನಲ್ಲಿ ಬರೆದು ತೋರಿಸಿದರು: "ನಡುವೆ ಯಾರೋ ಉಸಿರು ಬಿಟ್ಟು ಎಳಕೊಂಡರು. ಹೆಂಗಸು."

ಇನ್ನು ನಿನ್ನ ಪ್ರಶ್ನೆ. ನೀನು ಹುಟ್ಟಿದ ದಿನ ನರ್ಸು ಬಾಗಿಲು ತೆಗೆದಾಗ ನೀನು ಅರಚುತ್ತಿದ್ದದ್ದು ಎರಡು ಅಂತಸ್ತಿಗೆ ಕೇಳುತ್ತಿತ್ತು. ನಾನು ಸಿಂಫನಿಯನ್ನು ಮರೆತೇಬಿಟ್ಟಿದ್ದೆ. ಕಾರ್ಯಕ್ರಮದ ದಿನ ಸಂಜೆ ಯಾರೋ ಬಂದು, "ಪಾಪ, ನಿಮ್ಮದು ಹೋಯ್ತಲ್ಲ" ಅಂದಾಗ, ಏನು ಹೋಯಿತು ಅಂತ ಕೇಳಿದೆ. ಇದು ಸತ್ಯ. ಬೇಜಾರು ಹುಟ್ಟಿದ್ದು ಬಹಳ ಆಮೇಲೆ. ನಿಮ್ಮಮ್ಮ ಹೋದ ಮೇಲೆ ಅವಳ ದನಿ ಇರುವುದು ಅದೊಂದರಲ್ಲೇ ಅಂತ ತಲೆಗೆ ಹತ್ತಿತು. ಸಿಟ್ಟು ಅವಳು ಹೋದದ್ದಕ್ಕೆ, ಬಾಯಿಗೆ ಸಿಕ್ಕಿದವಳು ನೀನು. ಎಂಟು ವರ್ಷ ನಿನ್ನ ದನಿ ಕೇಳಬಹುದಾಗಿದ್ದ ಕಿವಿಗಳನ್ನು ಇಟ್ಟುಕೊಂಡು ಸುಮ್ಮನೆ ಕೂತೆ. ಆ ಸಿಂಫನಿ ಕೇಳಿಸದೆ ಹೋದದ್ದಕ್ಕಿಂತ ಅದು ನನಗೆ ಹೆಚ್ಚು ಸಂಕಟ. ತಪ್ಪಾಯಿತು ಮಗಳೇ.

ರಜಾ ಸಿಕ್ಕಿದ ದಿನ ಬಾ. ಯಾವ ದಿನ ಅಂತ ಬರೆಯುವುದೂ ಬೇಡ. ಬಂದಾಗ ಬೆಲ್ ಒತ್ತಿ ಕಾಯುತ್ತಾ ನಿಲ್ಲಬೇಡ, ನನಗೆ ಕೇಳಿಸುವುದಿಲ್ಲ. ಬಾಗಿಲಿಗೆ ಚಿಲಕ ಹಾಕುವುದನ್ನು ಇವತ್ತಿನಿಂದ ಬಿಟ್ಟಿದ್ದೇನೆ.

ನಿನ್ನ
ಅಪ್ಪ